ಹಾಜರಿ ಕೂಗದ ಸೋಮವಾರ

ಪಕ್ಕದ ಮನೆಯ ನಮ್ರತಾ ಮುಂದಿನ ವಾರ ಕೆಲಸಕ್ಕೆ ಮರಳುತ್ತಾಳೆ. ಮಗುವಿಗೆ ಈಗ ಮೂರು ತಿಂಗಳು. "ಅಕ್ಕಾ, ಹಾಲಿನ ಬಾಟಲಿ ತಣ್ಣಗಿಡೋ ಚೀಲ ಇದ್ಯಾ ನಿಮ್ಮ ಹತ್ರ? ಆರ್ಡರ್ ಮಾಡಿದ್ದು ಇನ್ನೂ ಬಂದಿಲ್ಲ" ಎಂದು ಬೇಲಿಯ ಆಚೆಯಿಂದ ಕೇಳಿದಳು. ಇದೆ ಎಂದೆ. ಟೆಕ್ಸಾಸಿನ ಫ್ಲವರ್ ಮೌಂಡಿನ ಈ ಮನೆಗೆ ಬಂದ ಮೇಲೆ ಬಿಚ್ಚದೆ ಉಳಿದ ಎರಡು ರಟ್ಟಿನ ಪೆಟ್ಟಿಗೆಗಳು ಗರಾಜಿನಲ್ಲಿದ್ದವು. ಮೊದಲನೆಯದರಲ್ಲೇ ಸಿಕ್ಕಿತು. ನೀಲಿ ಚೀಲ, ಅದರ ಕೆಳಗೆ ಎದೆಹಾಲು ತೆಗೆಯುವ ಪಂಪಿನ ಕಪ್ಪು ಚೀಲ, ಹಳದಿಗಟ್ಟಿದ ಸಣ್ಣ ಕೊಳವೆಗಳು, ಕಾರಿನಲ್ಲಿ ಪಂಪಿಗೆ ಕರೆಂಟು ಕೊಡುವ ಸುರುಳಿ ವೈರಿನ ಅಡಾಪ್ಟರ್.

ಇಷ್ಟು ವರ್ಷಗಳ ಮೇಲೆ ಅದರಲ್ಲಿ ಹಾಲಿನ ವಾಸನೆ ಉಳಿದಿರಲು ಸಾಧ್ಯವಿಲ್ಲ. ಆದರೂ ಬಂತು. ಬಿಸಿಲಿಗೆ ಕಾದ ಪ್ಲಾಸ್ಟಿಕ್, ಅದರೊಳಗೆ ಹುಳಿತ ಹಾಲು. ಒಂದು ಇಡೀ ಬೇಸಿಗೆ ನನ್ನ ಕಾರಿನಲ್ಲಿ ಇದ್ದ ವಾಸನೆ. ನಾನು ಅಲ್ಲೇ ಕೆಳಗೆ ಕುಳಿತೆ.

ಅನಿರುದ್ಧ ಹುಟ್ಟಿದ್ದು ಡಿಸೆಂಬರಿನಲ್ಲಿ. ಆಗ ನಾವು ಅಲೆನ್‌ನಲ್ಲಿದ್ದೆವು. ನಾನೂ ನನ್ನ ಗಂಡ ಗಿರೀಶನೂ ರಿಚರ್ಡ್‌ಸನ್ನಿನ ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆವು. ಕಟ್ಟಡ ಬೇರೆ ಬೇರೆ, ನಡುವಿನ ಪಾರ್ಕಿಂಗ್ ಒಂದೇ. ಬೆಂಗಳೂರಿನ ತಂಡದ ಜೊತೆ ಮಾತನಾಡಬೇಕಾದ್ದರಿಂದ ನಾನು ಬೆಳಿಗ್ಗೆ ಏಳಕ್ಕೆಲ್ಲ ಆಫೀಸಿನಲ್ಲಿ ಇರಬೇಕಿತ್ತು. ಅವನಿಗೆ ಒಂಬತ್ತೂವರೆ. ಹಾಗಾಗಿ ಎರಡು ಕಾರು. ಎರಡರ ಬೀಗದ ಕೈಯೂ ಇಬ್ಬರ ಗೊಂಚಲಿನಲ್ಲೂ ಇರುತ್ತಿತ್ತು.

ಬಾಣಂತನಕ್ಕೆ ಬಂದವರು ಹುಬ್ಬಳ್ಳಿಯಿಂದ ನನ್ನ ಅತ್ತೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ಮಾರ್ಚಿನಲ್ಲಿ ನಾನು ಕೆಲಸಕ್ಕೆ ಹೊರಡುವ ಹಿಂದಿನ ದಿನ ಪಂಪನ್ನು ಹೊರತೆಗೆದಾಗ ಅವರು ಕನ್ನಡಕ ಹಾಕಿಕೊಂಡು ಬಂದು ನೋಡಿದರು.

"ಇದೇನವಾ ಸುಮಾ, ಡೇರಿಯೊಳಗ ಎಮ್ಮಿಗೆ ಹಚ್ಚೋ ಮಷಿನ್ ಇದ್ದಂಗ ಐತಲ್ಲ!"

"ಹಾಗಾದ್ರೆ ಎಮ್ಮೆ ಯಾರು ಅತ್ತೆ?"

"ನಾ ಎಲ್ಲಿ ಅಂದೆ? ನೀನ ಅಂದಿ" ಎಂದು ಸೆರಗು ಬಾಯಿಗಿಟ್ಟು ನಕ್ಕರು.

ನಕ್ಕರೂ ಒಂದೇ ವಾರದಲ್ಲಿ ಆ ಕೆಲಸದ ಪೂರ್ತಿ ಉಸ್ತುವಾರಿ ಅವರ ಕೈಗೆ ಹೋಯಿತು. ನಾನು ಸಂಜೆ ತಂದ ಹಾಲನ್ನು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಪೊಟ್ಟಣಗಳಿಗೆ ಸುರಿದು, ಮೇಲೆ ತಮ್ಮ ದುಂಡು ಅಕ್ಷರದಲ್ಲಿ 'ಸೋಮ, ಮುಂ. ೧೦' 'ಮಂಗಳ, ಮ. ೨' ಎಂದು ಬರೆದು, ಫ್ರೀಜರಿನಲ್ಲಿ ಶಾಲೆಯ ಮಕ್ಕಳನ್ನು ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಹಳೆಯದು ಮುಂದೆ, ಹೊಸದು ಹಿಂದೆ. ಕಡಿಮೆ ಬಂದ ದಿನ ಏನೂ ಅನ್ನುತ್ತಿರಲಿಲ್ಲ. ರಾತ್ರಿಯ ಊಟಕ್ಕೆ ಹಾಲು ಹೆಚ್ಚಿಸುವ ಸಬ್ಬಸಿಗೆ ಪಲ್ಯ ಬಂದರೆ ಗೊತ್ತಾಗುತ್ತಿತ್ತು.

ಆಫೀಸಿನಲ್ಲಿ ತಾಯಂದಿರಿಗೆಂದು ಒಂದು ಕೋಣೆ ಇತ್ತು. ಕಿಟಕಿಯಿಲ್ಲ. ಒಂದು ಕುರ್ಚಿ, ಒಂದು ಪುಟ್ಟ ಫ್ರಿಜ್, ಬಾಗಿಲ ಮೇಲೆ ಸಮಯ ಬರೆದುಕೊಳ್ಳುವ ಹಾಳೆ. ದಿನಕ್ಕೆ ಮೂರು ಸಲ ಅಲ್ಲಿ ಕುಳಿತು, ಪಂಪಿನ ಏಕತಾನದ ಉಸಿರು ಕೇಳುತ್ತ, ಗೋಡೆ ನೋಡುತ್ತಿದ್ದೆ. ಏಪ್ರಿಲಿನ ಒಂದು ಮಧ್ಯಾಹ್ನ ಸುಂಟರಗಾಳಿಯ ಸೈರನ್ ಕೂಗಿತು. ಕಿಟಕಿಯಿಲ್ಲದ ಜಾಗಕ್ಕೆ ಹೋಗಿ ಎಂಬುದು ಇಲ್ಲಿನ ನಿಯಮ. ನಮ್ಮ ಮಹಡಿಯಲ್ಲಿ ಕಿಟಕಿಯಿಲ್ಲದ್ದು ಅದೊಂದೇ ಕೋಣೆ. ಬಾಗಿಲು ದಬದಬ ಬಡಿದರು. ನಾನು ದುಪಟ್ಟಾ ಎಳೆದುಕೊಂಡು ತೆಗೆದರೆ, ಎಂಟು ಜನ ಎಂಜಿನಿಯರುಗಳು ಒಳಗೆ ನುಗ್ಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಅವರಲ್ಲಿ ಬೆಂಗಳೂರು ಕಡೆಯ ರಾಘು ಮಾತ್ರ ಗೋಡೆಗೇ ಹೇಳಿದ, "ಸಾರಿ ಸುಮಾ ಅವ್ರೆ. ಹೊರಗೆ ಗಾಳಿ, ಒಳಗೆ ನೀವು. ಯಾವುದಕ್ಕೆ ಜಾಸ್ತಿ ಹೆದರ್ಬೇಕೋ ಗೊತ್ತಾಗ್ತಿಲ್ಲ."

ಆ ವಸಂತ ಹೀಗೆಯೇ ಹೋಯಿತು. ಆಯಾಸವಿತ್ತು, ಭಯವಿರಲಿಲ್ಲ.

ಬಿಸಿಲು ಏರುತ್ತಿದ್ದಂತೆ ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಯ ಒಂದು ತುಂಡು ಕತ್ತರಿಸಿ ಕಾರಿನಲ್ಲಿದ್ದ ಮಗುವಿನ ಸೀಟಿಗೆ ಹೊದಿಸಿದರು. ಬಟ್ಟೆ ಒಣಗಿಸುವ ಎರಡು ಕ್ಲಿಪ್ ಹಾಕಿದರು. "ಬಿಸಲೂ ಬೀಳಂಗಿಲ್ಲ, ಮಂದಿ ಕಣ್ಣೂ ಬೀಳಂಗಿಲ್ಲ" ಎಂದರು. ಹಾಗೆ ಮುಚ್ಚಬಾರದು ಎಂದು ನಾನು ಎಲ್ಲೋ ಓದಿದ್ದೆ. ಆದರೆ ಮಗುವನ್ನು ಎಲ್ಲಿಗೇ ಕರೆದೊಯ್ದರೂ ಹಿಂದಿನ ಸೀಟಿನಲ್ಲಿ, ಮಗುವಿನ ಪಕ್ಕದಲ್ಲೇ ಅವರು ಇರುತ್ತಿದ್ದರು. ಬಟ್ಟೆಯ ಅಂಚು ಎತ್ತಿ ಎರಡು ನಿಮಿಷಕ್ಕೊಮ್ಮೆ ನೋಡುತ್ತಿದ್ದರು. ಬಟ್ಟೆಯನ್ನು ಹಾಗೆಯೇ ಬಿಟ್ಟೆ.

ಕಾರು ನಿಂತಾಗ ಅವರದ್ದೊಂದು ಆಟವಿತ್ತು. ಇಳಿಯುವ ಮೊದಲು ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಕೂಗುವರು: "ಅನಿರುದ್ಧ!" ಮರುಕ್ಷಣ ತಾವೇ ಟೀಚರಿಗೆ ಓಗೊಡುವ ಮಗುವಿನಂತೆ ಸಣ್ಣ ದನಿ ಮಾಡಿ "ಹಾಜರ್‌ರೀ ಅಕ್ಕೋರ!" ಎಂದು ಉತ್ತರ ಕೊಟ್ಟು, ಬಟ್ಟೆ ಸರಿಸಿ ಮಗುವಿನ ಮುಖ ನೋಡಿ ನಗುವರು. ಅಂಗಡಿಯ ಮುಂದೆ, ಡಾಕ್ಟರ ಕ್ಲಿನಿಕ್ಕಿನ ಮುಂದೆ, ನಮ್ಮದೇ ಗರಾಜಿನಲ್ಲಿ. ಒಂದು ಸಲವೂ ತಪ್ಪಿಸಲಿಲ್ಲ. ಗಿರೀಶ ಕನ್ನಡಿಯಲ್ಲಿ ನೋಡಿ "ಆತಬೇ ಅವ್ವಾ, ಇನ್ನ ಇಳೀ" ಎಂದು ಗೊಣಗುತ್ತಿದ್ದ.

ಜೂನ್ ಮೊದಲ ವಾರ ಅವರ ವೀಸಾದ ಆರು ತಿಂಗಳು ಮುಗಿಯಿತು. ಶನಿವಾರ ಗಿರೀಶನ ಕಾರಿನಲ್ಲಿ ಏರ್‌ಪೋರ್ಟಿಗೆ ಹೋದೆವು. ದಾರಿಯಲ್ಲಿ ನಾನು ಪಂಪ್ ಮಾಡಿದೆ. ಅಡಾಪ್ಟರನ್ನು ಅಲ್ಲಿಯೇ ಮರೆತೆ. ಒಳಗೆ ಹೋಗುವ ಮುನ್ನ ಅತ್ತೆ ನನ್ನ ಕೈ ಹಿಡಿದು, "ವರ್ಷ ತುಂಬೂತನಾ ಹಾಲ ಬಿಡಸಬ್ಯಾಡವಾ" ಎಂದರು. ಮಗನ ತಲೆ ಸವರಿದರು.

ಸೋಮವಾರದಿಂದ ಮಗು ಸರಳಾ ಆಂಟಿಯ ಮನೆಗೆ. ಅವರು ಆಫೀಸಿನ ಹತ್ತಿರವೇ ಮನೆಯಲ್ಲಿ ಮೂರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮೈಸೂರಿನವರು. ಹೆದ್ದಾರಿಯಲ್ಲಿ ನಮ್ಮ ಆಫೀಸಿನ ತಿರುವಿಗಿಂತ ಒಂದು ತಿರುವು ಮೊದಲು ಇಳಿದರೆ ಅವರ ಮನೆ. ಬಿಡುವ ಕೆಲಸ ಗಿರೀಶನದು. ನಾನು ಬೆಳಿಗ್ಗೆ ಆರೂಕಾಲಿಗೆ ನಾಲ್ಕು ಬಾಟಲಿ ಹಾಲನ್ನು ಈ ನೀಲಿ ಚೀಲಕ್ಕೆ ತುಂಬಿಟ್ಟು, ಮಲಗಿದ್ದ ಮಗುವಿನ ಕಾಲು ಮುಟ್ಟಿ ಹೊರಟೆ.

ಅಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನಡೆದು ನೋಡಿದ್ದೇನೆಂದರೆ, ಅದರ ಒಂದೊಂದು ಹೆಜ್ಜೆಯೂ ಸವೆದುಹೋಗಿದೆ.

ಒಂಬತ್ತು ಮುಕ್ಕಾಲಿಗೆ ಕೋಣೆಗೆ ಹೋದರೆ ಬಾಗಿಲಿಗೆ ಚೀಟಿ. ಏಸಿಯಿಂದ ನೀರು ಸೋರಿ ಕಾರ್ಪೆಟ್ ನೆನೆದಿತ್ತು. ಎದೆ ಕಟ್ಟಿಕೊಂಡಿತ್ತು, ಕಾಯುವಂತಿರಲಿಲ್ಲ. ಕಾರಿನಲ್ಲಿ ಮಾಡೋಣ ಎಂದುಕೊಂಡಾಗ ಅಡಾಪ್ಟರ್ ಗಿರೀಶನ ಕಾರಿನಲ್ಲಿದೆ ಎಂಬುದು ನೆನಪಾಯಿತು. ಬೇಗ ಬರುವ ನನ್ನ ಕಾರು ಕಟ್ಟಡದ ನೆರಳಿನಲ್ಲಿತ್ತು. ಅವನದು ನಾಲ್ಕು ಸಾಲು ಆಚೆ, ಬಟಾಬಯಲಿನ ಬಿಸಿಲಿನಲ್ಲಿ.

ಬೀಗ ತೆಗೆದೆ. ಮುಂದಿನ ಬಾಗಿಲು ತೆರೆದೆ. ಬಿಸಿ ಮುಖಕ್ಕೆ ಹೊಡೆಯಿತು. ಅಡಾಪ್ಟರ್ ಎಳೆದುಕೊಂಡೆ. ಹಿಂದಿನ ಸೀಟಿನಲ್ಲಿ ಇಳಕಲ್ ತುಂಡು ಎರಡು ಕ್ಲಿಪ್ಪಿನ ಸಮೇತ ನೀಟಾಗಿ ಹೊದ್ದುಕೊಂಡಿತ್ತು. ಖಾಲಿ ಸೀಟಿಗೂ ಹೊದಿಸಿದ್ದಾನೆ, ಅಮ್ಮನ ಮಗ, ಎಂದುಕೊಂಡೆ. ನನಗೆ ನಗು ಕೂಡ ಬಂತು. ಆಮೇಲೆ ಮುಂದಿನ ಸೀಟಿನ ಬಳಿ ಕಾಲಿಡುವ ಜಾಗದಲ್ಲಿ ನೀಲಿ ಚೀಲ ಕಾಣಿಸಿತು. ನಾಲ್ಕು ಬಾಟಲಿಯೂ ಅದರಲ್ಲೇ ಇದ್ದವು.

ಸಿಟ್ಟು ಬಂತು. ನಾನು ಐದಕ್ಕೆ ಎದ್ದು ತೆಗೆದ ಹಾಲು. ಅದನ್ನು ಕೊಡದೆ ಮಗುವನ್ನಷ್ಟೇ ಬಿಟ್ಟು ಬಂದಿದ್ದಾನೆ. ಚೀಲ ಎತ್ತಿಕೊಂಡೆ. ಬಾಗಿಲು ಹಾಕಿದೆ. ಬೀಗ ಹಾಕಿದೆ. ನನ್ನ ಕಾರಿನವರೆಗೆ ನಡೆಯುತ್ತ ಮೆಸೇಜ್ ಟೈಪ್ ಮಾಡಿ ಕಳಿಸಿದೆ: "ಹಾಲು ಕಾರಲ್ಲೇ ಬಿಟ್ಟಿದೀಯ. ನಿಮ್ಮಮ್ಮ ಹೋಗಿ ಎರಡು ದಿನ ಆಗಿಲ್ಲ, ತಲೆ ಎಲ್ಲಿಟ್ಟಿದೀಯ?"

ಕಾರು ಸ್ಟಾರ್ಟ್ ಮಾಡಿ, ಏಸಿ ಹಾಕಿ, ದುಪಟ್ಟಾ ಹೊದ್ದು ಪಂಪ್ ಜೋಡಿಸಿದೆ. ಅದು ಉಸಿರಾಡಲು ಶುರುಮಾಡಿತು. ಹಾಲು ಇಳಿಯತೊಡಗಿತು. ತಣ್ಣನೆಯ ಗಾಳಿ ಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಇದೂ ನನಗೆ ನೆನಪಿದೆ.

ಫೋನ್ ಸದ್ದಾಯಿತು. ಗಿರೀಶನ ಉತ್ತರ. ಎರಡೇ ಪದ.

"ಯಾವ ಹಾಲು?"

ಯಾವ ಬಾಟಲಿಯನ್ನು ಮರೆತೆ ಎಂಬ ಪ್ರಶ್ನೆಯಲ್ಲ ಅದು. ಹಾಲು ಎಂಬುದೇ ಅವನ ಆ ಬೆಳಗಿನಲ್ಲಿ ಇರಲಿಲ್ಲ. ಹಾಲಿಲ್ಲದಿದ್ದರೆ ಆಂಟಿಯ ಮನೆಯೂ ಇಲ್ಲ. ಆಂಟಿಯ ಮನೆ ಇಲ್ಲದಿದ್ದರೆ.

ಕೊಳವೆಗಳನ್ನು ಕಿತ್ತೆಸೆದೆ. ಪಂಪಿನ ಎರಡೂ ಬಾಟಲಿ ಸೀಟಿನ ಮೇಲೆ ಉರುಳಿದವು. ಓಡಿದೆ. ಕುರ್ತಾ ನೆನೆದು ಹೊಟ್ಟೆಯವರೆಗೆ ಹಾಲು ಹರಿಯುತ್ತಿತ್ತು. ಗಿರೀಶನ ಕಾರಿನ ಹಿಂದಿನ ಬಾಗಿಲು ತೆರೆದು ಸೀಟಿನ ಬಟ್ಟೆ ಕಿತ್ತಾಗ ಕ್ಲಿಪ್ಪು ಹಾರಿ ಎಲ್ಲೋ ಬಿತ್ತು. ಅನಿ ಇದ್ದ. ಮುಖ ಕೆಂಪಗೆ ಕಾದಿತ್ತು, ಕೂದಲು ನೀರಿನಲ್ಲಿ ಅದ್ದಿ ತೆಗೆದ ಹಾಗೆ ಅಂಟಿಕೊಂಡಿತ್ತು, ಕಣ್ಣು ಮುಚ್ಚಿತ್ತು. ಬೆಲ್ಟಿನ ಲೋಹ ಬೆರಳು ಸುಟ್ಟಿತು. ಎತ್ತಿಕೊಂಡಾಗ ಅವನು ಅಳಲಿಲ್ಲ. ನಾಲ್ಕು ಸಾಲು ದಾಟುವವರೆಗೂ ಅಳಲಿಲ್ಲ.

ನಮ್ಮ ಕಟ್ಟಡದ ಲಾಬಿಯಲ್ಲಿ ಡೆನೀಸ್ ಎಂಬ ಸೆಕ್ಯುರಿಟಿಯ ಹೆಂಗಸು ಇದ್ದರು. ಅರವತ್ತರ ಹತ್ತಿರದವರು, ದಿನಾ ನನ್ನ ಪಂಪಿನ ಚೀಲ ನೋಡಿ ಮಗು ಹೇಗಿದೆ ಎಂದು ಕೇಳುತ್ತಿದ್ದವರು. ಏನಾಯಿತೆಂದು ಅವರು ಕೇಳಲಿಲ್ಲ. ಮಗುವಿನ ಅಂಗಿ ಬಿಚ್ಚಿ, ಪೇಪರ್ ಟವೆಲ್ ಒದ್ದೆಮಾಡಿ ತಂದು ಕುತ್ತಿಗೆ, ಕಂಕುಳು ಒರೆಸಿದರು. ಒಂದು ಕೈಯಿಂದ ಫೋನ್ ಎತ್ತಿ, "ಆಂಬುಲೆನ್ಸ್ ಕರೀತೀನಿ" ಎಂದರು.

ನಾನು "ಒಂದು ನಿಮಿಷ" ಎಂದೆ.

ಅದನ್ನು ಇಲ್ಲಿ ಬರೆಯಲೇಬೇಕು. ಮಗು ಕೈಯಲ್ಲಿ ಕಾದ ಹಂಚಿನಂತಿದ್ದಾಗ ನನ್ನ ತಲೆಗೆ ಬಂದದ್ದು ಪೊಲೀಸ್, ವೀಸಾ, ಮಗುವನ್ನು ಕಿತ್ತುಕೊಂಡು ಹೋದರೆ ಎಂಬ ಯೋಚನೆ. ಡೆನೀಸ್ ನನ್ನನ್ನು ಒಮ್ಮೆ ನೋಡಿದರು. ಅಷ್ಟರಲ್ಲಾಗಲೇ ನಂಬರ್ ಒತ್ತಿಯಾಗಿತ್ತು. ಅದೇ ಹೊತ್ತಿಗೆ ಅನಿ ಬಾಯಿ ತೆರೆದು, ಬೆಕ್ಕಿನ ಮರಿಯ ಹಾಗೆ, ತೀರಾ ಸಣ್ಣದಾಗಿ ಅತ್ತ.

ಆಂಬುಲೆನ್ಸಿನವರು ಬಂದು ಜ್ವರ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು. ಮೈ ಕಾದಿದೆ, ಆದರೆ ಎಚ್ಚರ ಚೆನ್ನಾಗಿದೆ, ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಆಗಿರಲಾರದು ಎಂದರು. ಅನಿ ನನ್ನ ಒದ್ದೆ ಕುರ್ತಾದ ಕಡೆ ಮುಖ ತಿರುಗಿಸುತ್ತಿದ್ದ. ಅವರಲ್ಲೊಬ್ಬ ತರುಣ, "ಹಾಲು ಕೊಡಿ, ಈಗ ಅದಕ್ಕಿಂತ ಒಳ್ಳೆಯದಿಲ್ಲ" ಎಂದ. ಮೂರು ತಿಂಗಳು ಬಾಗಿಲು ಹಾಕಿಕೊಂಡು ಕುಳಿತಿದ್ದವಳು ನಾನು. ಅವತ್ತು ಲಾಬಿಯ ಸೋಫಾದ ಮೇಲೆ, ಜನ ಬರುತ್ತ ಹೋಗುತ್ತ ಇದ್ದಾಗಲೇ, ಮಗುವಿಗೆ ಹಾಲು ಕೊಟ್ಟೆ. ಅವನು ಗುಟುಕು ಗುಟುಕಾಗಿ ಕುಡಿಯುವ ಸದ್ದನ್ನು ಅಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು.

ಗಿರೀಶ ಓಡಿ ಬಂದ. ಉತ್ತರ ಕಳಿಸಿದ ಮೇಲೆ ಅವನಿಗೂ ಹೊಳೆದಿತ್ತು. ಕಾರಿನ ಹತ್ತಿರ ಹೋದರೆ ಹಿಂದಿನ ಬಾಗಿಲು ತೆರೆದಿದೆ, ಸೀಟು ಖಾಲಿ, ಬಟ್ಟೆ ನೆಲದ ಮೇಲೆ. ಆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದಿದ್ದ. ಮನೆಯಿಂದ ಹೊರಟಾಗಿನಿಂದ ಫೋನಿನಲ್ಲಿ ಆಫೀಸಿನ ಕರೆ, ಮಗುವಿಗೆ ಬಟ್ಟೆಯೊಳಗೆ ನಿದ್ದೆ, ಹಿಂದೆ ಕೂತು ಹಾಜರಿ ಕೂಗುವವರು ಇಲ್ಲ. ತಿರುವು ದಾಟಿದ್ದು ಅವನಿಗೆ ತಿಳಿಯಲೇ ಇಲ್ಲ.

ಸರಳಾ ಆಂಟಿ ಆಮೇಲೆ ಅಳುತ್ತ, "ಮೊದಲನೇ ದಿನ, ಅಜ್ಜಿ ಬೇರೆ ಹೋಗಿದಾರೆ, ಲೇಟಾಗತ್ತೆ ಬಿಡು ಅಂತ ಫೋನ್ ಮಾಡ್ಲಿಲ್ಲ ಕಣಮ್ಮ. ಮಾಡಿದ್ರೆ ಕಾಟ ಕೊಟ್ಟಂಗಾಗತ್ತೆ ಅಂದ್ಕೊಂಡೆ" ಎಂದರು.

ಪೊಲೀಸ್ ಅಧಿಕಾರಿ ನಿಧಾನವಾಗಿ, ಮರ್ಯಾದೆಯಿಂದ ಕೇಳಿದರು. ನಾನು ಹೇಳಿದೆ: "ಇವರು ಮರೆತರು. ಕಾರಿನಿಂದ ಒಂದು ವಸ್ತು ತೆಗೆದುಕೊಳ್ಳಲು ಹೋದಾಗ ನೋಡಿದೆ. ಎತ್ತಿಕೊಂಡು ಓಡಿ ಬಂದೆ."

ಗಿರೀಶ ಪಕ್ಕದಲ್ಲೇ ನಿಂತಿದ್ದ. ನನ್ನ ಮೆಸೇಜು ಇದ್ದ ಫೋನ್ ಅವನ ಕೈಯಲ್ಲಿತ್ತು. ನಾನು ಮೊದಲು ಒಮ್ಮೆ ಬಾಗಿಲು ತೆಗೆದು, ಹಾಲಿನ ಚೀಲ ಎತ್ತಿಕೊಂಡು, ಮಗುವಿನ ಮೇಲೆ ಬೀಗ ಹಾಕಿ ಹೋಗಿದ್ದೆ ಎಂಬುದು ಆ ಮೆಸೇಜಿನಿಂದ ತಿಳಿಯುತ್ತಿತ್ತು. ಅವನು "ಹೌದು, ನಾನೇ ಮರೆತೆ" ಎಂದ. ಫೋನನ್ನು ಜೇಬಿಗೆ ಹಾಕಿಕೊಂಡ.

ವಾರದೊಳಗೆ ಮಕ್ಕಳ ರಕ್ಷಣೆಯ ಇಲಾಖೆಯಿಂದ ಒಬ್ಬ ಹೆಂಗಸು ಮನೆಗೆ ಬಂದರು. ತೊಟ್ಟಿಲು, ಅಡುಗೆಮನೆ, ಎಲ್ಲ ನೋಡಿದರು. ಫ್ರೀಜರ್ ತೆಗೆದು, ಸಾಲಾಗಿ ನಿಂತಿದ್ದ ಪೊಟ್ಟಣಗಳ ಮೇಲೆ ಬೆರಳಿಟ್ಟು ಇದೇನು ಬರೆದಿದೆ ಎಂದು ಕೇಳಿದರು. ದಿನ ಮತ್ತು ಹೊತ್ತು ಎಂದೆ. ಯಾರ ಬರಹ ಎಂದರು. ಇವರ ತಾಯಿಯದು ಎಂದೆ. ಅವರು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿ, ತಮ್ಮ ಕಾಗದದ ಮೇಲೆ ಏನೋ ಬರೆದುಕೊಂಡು, ಮೆಲ್ಲಗೆ ಬಾಗಿಲು ಮುಚ್ಚಿದರು. ಬೇಸಿಗೆ ಮುಗಿಯುವ ಮೊದಲು, ವಿಚಾರಣೆ ಮುಗಿದಿದೆ ಎಂಬ ಪತ್ರ ಬಂತು.

ಆ ಪೊಟ್ಟಣಗಳು ಬೇರೆ ರೀತಿಯಲ್ಲೂ ಬೇಕಾದವು. ನನ್ನ ಹಾಲು ನಿಂತುಹೋಗಿತ್ತು. ರಜೆ ಮುಗಿಸಿ ಆಫೀಸಿಗೆ ಮರಳಿ, ಅದೇ ಕೋಣೆಯಲ್ಲಿ ಕುಳಿತು, ಅರ್ಧ ಗಂಟೆ ಪಂಪ್ ಓಡಿಸಿದರೂ ಬಾಟಲಿಯ ತಳ ತೇವವಾಗುತ್ತಿತ್ತು, ಅಷ್ಟೇ. ಆ ಸದ್ದು ಕೇಳಿದ ಕೂಡಲೇ ನಾನು ಕಾರಿನೊಳಗೆ, ತಣ್ಣನೆಯ ಗಾಳಿಯಲ್ಲಿ, ಕಣ್ಣು ಮುಚ್ಚಿ ಕುಳಿತಿರುತ್ತಿದ್ದೆ. ಮನೆಯಲ್ಲಿ, ರಜೆ ಹಾಕಿ ಮಗುವನ್ನು ನೋಡಿಕೊಳ್ಳುತ್ತಿದ್ದ ಗಿರೀಶನ ಕೈಯಲ್ಲಿ, ಅತ್ತೆಯ 'ಗುರು, ಮುಂ. ೧೦' ಕರಗುತ್ತಿತ್ತು. ಸಾಲು ದಿನದಿನಕ್ಕೆ ಚಿಕ್ಕದಾಗುತ್ತಿತ್ತು.

ಒಂದು ರಾತ್ರಿ ಗಿರೀಶನಿಗೆ, ಮಗುವನ್ನು ಇನ್ನು ನಾನೇ ಬಿಡುತ್ತೇನೆ, ಏಳು ಗಂಟೆಯ ಕೆಲಸ ಬಿಡುತ್ತೇನೆ ಎಂದೆ. ಅವನು ತಲೆ ತಗ್ಗಿಸಿ, "ನೀ ಬ್ಯಾಡ ಅಂದ್ರ ನಾ ಕೇಳಂಗಿಲ್ಲ. ಆದ್ರ ಒಂದ್ ವಾರ ಕೊಡು ನನಗ" ಎಂದ. ಕೊಡಲು ಮನಸ್ಸಿರಲಿಲ್ಲ. ಆದರೆ ಬೀಗ ಹಾಕಿ ಹೋದ ನನ್ನ ಕೈ ನನಗೆ ಕಾಣುತ್ತಿತ್ತು. ಯಾವ ಬಾಯಲ್ಲಿ ಇಲ್ಲ ಅನ್ನಲಿ?

ಮರುದಿನ ಒಂಬತ್ತು ಮುಕ್ಕಾಲಿಗೆ, ನಾನು ಪಂಪ್ ಜೋಡಿಸಿ ಗೋಡೆ ನೋಡುತ್ತಿದ್ದಾಗ ಫೋನ್ ಸದ್ದಾಯಿತು. ತೆರೆದರೆ ಒಂದು ಫೋಟೋ. ಸರಳಾ ಆಂಟಿಯ ಸೊಂಟದ ಮೇಲೆ ಅನಿ, ಬಾಯಲ್ಲಿ ತನ್ನದೇ ಮುಷ್ಟಿ. ಹಿಂದೆ ಮೇಜಿನ ಮೇಲೆ ನೀಲಿ ಚೀಲ. ಕೆಳಗೆ ಒಂದೇ ಪದ: "ಹಾಜರ್."

ನನಗೆ ಅಳು ಬಂತು. ಆ ದಿನದ ನಂತರ ಅತ್ತದ್ದು ಅದೇ ಮೊದಲು. ಅಳುತ್ತಿದ್ದಂತೆ ಎದೆಯಲ್ಲಿ ಜುಮ್ಮೆಂದು ಹಾಲು ಇಳಿಯಿತು. ಮೊದಲು ಹನಿ, ಆಮೇಲೆ ಧಾರೆ.

ಒಂದು ವಾರವೆಂದವನು ಆಮೇಲೂ ಒಂದು ದಿನವೂ ತಪ್ಪಿಸದೆ ಫೋಟೋ ಕಳಿಸಿದ. ತನಗೆ ಜ್ವರ ಬಂದಾಗಲೂ, ರಜೆಯಿದ್ದಾಗಲೂ. ನನ್ನ ಹಾಲಿಗೆ ಆ ಪದವೇ ಅಭ್ಯಾಸವಾಗಿಬಿಟ್ಟಿತು. ಡಿಸೆಂಬರಿನಲ್ಲಿ ವರ್ಷ ತುಂಬಿತು. ಅತ್ತೆ ಹೇಳಿದ ಗಡುವು ಮುಟ್ಟಿ ಪಂಪನ್ನು ಚೀಲಕ್ಕೆ ಹಾಕಿದೆ. ಅತ್ತೆಗೆ ನಾವು ಏನೂ ಹೇಳಲಿಲ್ಲ. ಮುಂದಿನ ಸಲ ಬಂದಾಗ, "ನನ್ನ ಸೀರಿ ತುಂಡು ಎಲ್ಲೈತಿ?" ಎಂದು ಕೇಳಿದರು. ಹರಿದುಹೋಯಿತು ಎಂದೆ. ಗಿರೀಶ ಎದ್ದು ಹೊರಗೆ ಹೋದ.

ನಾವು ಬೇರೆ ಗಂಡಹೆಂಡಿರ ಹಾಗೆಯೇ ಜಗಳವಾಡಿದ್ದೇವೆ. ಮನೆ ಕೊಳ್ಳುವಾಗ, ಕೆಲಸ ಬದಲಿಸುವಾಗ. ಪ್ರತಿ ಜಗಳದಲ್ಲೂ ನಾನು ಕಾಯುತ್ತಿದ್ದೆ, ಈಗ ಅನ್ನುತ್ತಾನೆ, ಈಗ ಆ ಮೆಸೇಜಿನ ಮಾತು ಎತ್ತುತ್ತಾನೆ ಎಂದು. ಎತ್ತಲಿಲ್ಲ. ಅದೇ ನನಗೆ ಹೆಚ್ಚು ಭಾರವಾಗಿತ್ತು.

ನಾನು ಇನ್ನೂ ಪೆಟ್ಟಿಗೆಯ ಮುಂದೆ ಕುಳಿತಿದ್ದಾಗ ಗರಾಜಿನ ಬಾಗಿಲು ಮೇಲೇಳುವ ಸದ್ದಾಯಿತು. ಗಿರೀಶ ಅನಿಯನ್ನು ಸಾಕರ್ ಆಟದಿಂದ ಕರೆತಂದಿದ್ದ. ಎಂಜಿನ್ ನಿಂತಿತು. ಕಿಟಕಿ ತೆರೆದಿದ್ದರಿಂದ ಒಳಗಿನ ದನಿ ಕೇಳಿತು.

"ಅನಿರುದ್ಧ!"

"ಹಾಜರ್‌ರೀ ಅಕ್ಕೋರ. ಡ್ಯಾಡ್, ಐ ಆ್ಯಮ್ ಸೋ ಹಂಗ್ರಿ."

ಅವನ ಬಾಯಿಂದ ತಪ್ಪದೆ ಬರುವ ಕನ್ನಡ ಅದೊಂದೇ. ಯಾಕೆ ಹೇಳಬೇಕೆಂದು ಅವನಿಗೆ ಗೊತ್ತಿಲ್ಲ, ಅಜ್ಜಿಯ ಆಟವೆಂದು ಮಾತ್ರ ಗೊತ್ತು. ಬೂಟು ಬಡಿಯುತ್ತ ಒಳಗೆ ಓಡಿದ.

ಗಿರೀಶ ನನ್ನ ಕೈಯಲ್ಲಿದ್ದ ಅಡಾಪ್ಟರ್ ನೋಡಿ ನಿಂತ. ಪಕ್ಕದಲ್ಲಿ ಬಂದು ಪೆಟ್ಟಿಗೆಯ ಮೇಲೆ ಕುಳಿತ.

"ನಾನು ಬೀಗ ಹಾಕಿ ಹೋಗಿದ್ದೆ ಗಿರೀಶ" ಎಂದೆ. ಇಷ್ಟು ವರ್ಷಗಳಲ್ಲಿ ಬಾಯಿಬಿಟ್ಟು ಹೇಳಿದ್ದು ಮೊದಲ ಸಲ. "ಮಗು ಅಲ್ಲೇ ಇತ್ತು. ನಾನು ಹಾಲಿನ ಚೀಲ ತಗೊಂಡು ಹೋದೆ."

"ಗೊತ್ತೈತಿ."

"ಪೊಲೀಸರ ಮುಂದೆ ಯಾಕೆ ಹೇಳ್ಲಿಲ್ಲ? ಆಮೇಲಾದ್ರೂ, ನಾನು ನಿನ್ನ ಮೇಲೆ ಕೂಗಾಡ್ತಿದ್ದಾಗ?"

ಅವನು ವೈರಿನ ಸುರುಳಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಏನಂತ ಹೇಳಲಿ? ನೀ ಹೊಳ್ಳಿ ಕಾರಿಗೆ ಓಡಿ ಅವನ್ನ ಎತ್ಕೊಂಡಿ. ನಾ ಬರೂದು ತಡಾ ಆತು."

"ನೀನು ಯಾವ ಹಾಲು ಅಂತ ಕೇಳದೇ ಇದ್ದಿದ್ರೆ ನಾನು ವಾಪಸ್ ಹೋಗ್ತಾನೇ ಇರ್ಲಿಲ್ಲ."

ಅವನು ನನ್ನ ಮುಖ ನೋಡಿದ. ತನ್ನ ಆ ಎರಡು ಪದಗಳನ್ನು ಅವನು ಇಷ್ಟು ವರ್ಷ ತನ್ನ ತಪ್ಪಿನ ಸಾಕ್ಷಿ ಎಂದೇ ಹೊತ್ತುಕೊಂಡಿದ್ದ ಎಂದು ನನಗೆ ಆಗ ತಿಳಿಯಿತು. ಅಡಾಪ್ಟರನ್ನು ನೀಲಿ ಚೀಲದೊಳಗೆ ಇಟ್ಟು ಜಿಪ್ ಎಳೆದ.

"ನಮ್ರತಾಗ ಇದನ್ನೂ ಕೊಡು. ಕೊಡೂಮುಂದ ಎಲ್ಲಾನೂ ಹೇಳು. ನಂದೂ ಹೇಳು."

ನಾನು ಚೀಲ ಎತ್ತಿಕೊಂಡು ನಮ್ರತಾಳ ಮನೆಯ ಕಡೆ ಹೊರಟೆ. ಅವಳ ಮಗು ಒಳಗೆ ಅಳುತ್ತಿತ್ತು. ಜೋರಾಗಿ, ಹೊಟ್ಟೆ ತುಂಬಾ ಗಾಳಿ ಎಳೆದುಕೊಂಡು. ನಾನು ಬೆಲ್ ಒತ್ತದೆ, ಅವರ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತು, ಆ ಅಳುವನ್ನು ಕೇಳಿಸಿಕೊಂಡೆ.